ನನ್ನ ಓಟದ ಹಾಳೆಯ ಆರನೆಯ ನಿಯಮ

ಆ ಹಾಳೆ ಈಗಲೂ ನನ್ನ ಬಳಿ ಇದೆ. ಒಂದೇ ಪುಟ, ಮೇಲೆ ದಪ್ಪ ಅಕ್ಷರಗಳಲ್ಲಿ ‘ಸುಖಕರ ಓಟಕ್ಕೆ ಒಂಬತ್ತು ನಿಯಮಗಳು’ ಎಂಬ ಶೀರ್ಷಿಕೆ. ಆರನೆಯ ನಿಯಮದ ಮೇಲೆ ಮಾತ್ರ ಕೆಂಪು ಶಾಯಿಯ ಗೀಟು ಇದೆ. ಆ ಗೀಟನ್ನು ಎಳೆದವಳು ನಾನೇ. ಎಳೆಯಲು ನಾಲ್ಕು ತಿಂಗಳು ತಡಮಾಡಿದವಳೂ ನಾನೇ.

ಪರದೇಶದ ಈ ಬುಕಿತ್ ಬಾಟೋಕ್‌ನಲ್ಲಿ ನಮ್ಮ ವಸತಿ ಬ್ಲಾಕ್‌ನ ಆಸುಪಾಸು ಕನ್ನಡದ ಮನೆಗಳು ಕೆಲವಿವೆ. ಹಬ್ಬಕ್ಕೆ ಸೇರುತ್ತೇವೆ, ಹೋಳಿಗೆ ತಿನ್ನುತ್ತೇವೆ, ಚದುರುತ್ತೇವೆ. ಭಾಷೆಯನ್ನು ಹೀಗೆ ವರ್ಷಕ್ಕೆ ನಾಲ್ಕು ಬಾರಿ ರೇಷ್ಮೆ ಸೀರೆಯ ಜೊತೆಗೆ ಹೊರತೆಗೆದು ಮತ್ತೆ ಮಡಚಿಡುವುದು ನನಗೆ ಸರಿಕಾಣುತ್ತಿರಲಿಲ್ಲ. ಅದನ್ನು ದಿನದ ಬೆವರಿಗೆ ತರಬೇಕು ಎಂದು ಹೇಳಿ, ಶನಿವಾರ ಬೆಳಗಿನ ಓಟದ ಗುಂಪೊಂದನ್ನು ಕಟ್ಟಿದೆ. ನನ್ನನ್ನೂ ಸೇರಿಸಿ ಏಳು ಜನರಾದೆವು. ಓಡುವಷ್ಟು ಹೊತ್ತು ಕನ್ನಡವನ್ನೇ ಆಡಬೇಕು. ಇಂಗ್ಲಿಷ್ ಪದ ಜಾರಿದರೆ ಐದು ಬಸ್ಕಿ. ಇದು ನಾನು ಮಾಡಿದ ಕಟ್ಟಳೆ.

ಗುಂಪಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿದ್ದರು. ಮೊದಲ ಶನಿವಾರವೇ ಅವರು ಬಗ್ಗಿ ಕುಳಿತು ತಲೆಯೆತ್ತಿ ಕೇಳಿದರು.

“ಮೇಡಂ, ಶೂ ಲೇಸ್‌ಗೆ ಕನ್ನಡ ಏನು? ಬಿಚ್ಚೋಗಿದೆ, ಕಟ್ಕೋಬೇಕು.”

“ಪಾದರಕ್ಷೆಯ ದಾರ.”

“ಅಷ್ಟುದ್ದ ಹೇಳೋಷ್ಟರಲ್ಲಿ ಎಡವಿ ಬಿದ್ದೇ ಹೋಗಿರ್ತೀನಿ ಬಿಡಿ. ನೋಡಿ, ಐದು ಬಸ್ಕಿ ಬೇರೆ. ಓಡಿದ್ದಕ್ಕಿಂತ ಬಸ್ಕಿ ಹೊಡೆದಿದ್ದೇ ಜಾಸ್ತಿ ಆಗುತ್ತೆ ಇಲ್ಲಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಿಯಮವನ್ನು ಸಡಿಲಿಸಲಿಲ್ಲ.

ನಾನು ಮೈಸೂರಿನಲ್ಲಿ ಓದುವಾಗ ಮೂರು ವರ್ಷ ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು. ಪರ್ಯಾಯ ಪಾರಿತೋಷಕವನ್ನು ಎರಡು ಬಾರಿ ಮನೆಗೆ ಹೊತ್ತು ತಂದಿದ್ದೇನೆ. ಅಲ್ಲಿ ನಮ್ಮ ಅಧ್ಯಾಪಕರು ಕಲಿಸಿದ ಪಾಠಗಳು ಎರಡು. ವೇದಿಕೆಯ ಮೇಲೆ ಎದೆ ಮುಂದೆ, ಹೆಗಲು ಹಿಂದೆ, ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಿರಬೇಕು. ಎದುರಾಳಿಯ ಯಾವ ಮಾತನ್ನೂ ಉತ್ತರವಿಲ್ಲದೆ ಬಿಡಬಾರದು. ಈ ಎರಡನ್ನೂ ನಾನು ಓಟಕ್ಕೆ ತಂದೆ ಎಂಬುದು ಆಗ ನನಗೆ ತಿಳಿಯಲಿಲ್ಲ.

ಎಲ್ಲರೂ ಬೇಗ ದಣಿಯುತ್ತಿದ್ದುದರಿಂದ ಓಟದ ಭಂಗಿಯನ್ನು ಸುಧಾರಿಸುವ ಕುರಿತು ಇಂಗ್ಲಿಷ್ ಬರಹಗಳನ್ನು ಓದಿ, ಅವುಗಳ ಸಾರವನ್ನು ಕನ್ನಡಕ್ಕೆ ತಂದೆ. ಜುರಾಂಗ್ ಈಸ್ಟ್‌ನ ಒಂದು ಕಂಪನಿಯಲ್ಲಿ ಸುರಕ್ಷತೆಯ ಕೈಪಿಡಿಗಳನ್ನು ಬರೆಯುವುದು ನನ್ನ ಉದ್ಯೋಗ; ನಿಯಮಗಳನ್ನು ಸಂಖ್ಯೆ ಹಾಕಿ ಬರೆಯುವುದು ನನಗೆ ಉಸಿರಾಟದಷ್ಟು ಸಲೀಸು. ಆ ಬರಹಗಳಲ್ಲಿ ‘ಫುಟ್ ಸ್ಟ್ರೈಕ್’ ಎಂಬ ಮಾತು ಪದೇ ಪದೇ ಬರುತ್ತಿತ್ತು. ಓಡುವಾಗ ಪಾದವು ನೆಲವನ್ನು ತಲುಪುವ ಬಗೆಗೆ ಅವರು ಇಟ್ಟುಕೊಂಡ ಹೆಸರು ಅದು, ಅಷ್ಟೆ. ನಾನು ನಿಘಂಟನ್ನು ತೆರೆದು, ಅರ್ಧ ಗಂಟೆ ಯೋಚಿಸಿ, ‘ಪಾದಪ್ರಹಾರ’ ಎಂಬ ಪದವನ್ನು ಕಟ್ಟಿದೆ. ಕಟ್ಟಿದ ಮೇಲೆ ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡು ಸಂತೋಷಪಟ್ಟೆ. ಆರನೆಯ ನಿಯಮ ಹೀಗೆ ಸಿದ್ಧವಾಯಿತು: ‘ಓಡುವವರು ಪಾದದ ಮಧ್ಯಭಾಗದಿಂದ ನೆಲದ ಮೇಲೆ ಪ್ರಹಾರ ಮಾಡತಕ್ಕದ್ದು.’

ಮಾಡಿದರು. ಬ್ಲಾಕ್‌ನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಂಬಗಳ ನಡುವಿನಿಂದ ಹೊರಟು, ಬ್ಲಾಕನ್ನು ಸುತ್ತಿ, ಉದ್ಯಾನದ ದಾರಿಗೆ ಸೇರುವವರೆಗೆ ನಮ್ಮ ಹದಿನಾಲ್ಕು ಪಾದಗಳ ಸದ್ದು ಚಾವಣಿಗೆ ಬಡಿದು ಮರಳುತ್ತಿತ್ತು. ಕೆಳಗಿನ ಕಲ್ಲುಮೇಜಿನ ಬಳಿ ದಿನವೂ ಪತ್ರಿಕೆ ಓದುತ್ತ ಕೂರುವ ಚೀನೀ ಅಂಕಲ್ ಒಬ್ಬರಿದ್ದಾರೆ. ನಾವು ಹತ್ತಿರ ಬಂದಂತೆ ಅವರು ತಮ್ಮ ಕಾಫಿಯ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು.

“ಆಯ್ಯಾ, ಲೈಕ್ ಲಾರಿ, ಲಾ!” ಎಂದು ಒಮ್ಮೆ ಕೂಗಿಯೂ ಹೇಳಿದರು.

ಅದನ್ನು ಹೊಗಳಿಕೆ ಎಂದೇ ನಾನು ಭಾವಿಸಿದೆ.

ನಿಯಮಗಳನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸಿದವರು ಆಂಟಿ. ಅವರನ್ನು ನಾವೆಲ್ಲ ಆಂಟಿ ಎಂದೇ ಕರೆಯುತ್ತಿದ್ದೆವು, ನನಗಿಂತ ಹತ್ತೇ ವರ್ಷ ಹಿರಿಯರಾದರೂ. ಉಡುಪಿಯ ಕಡೆಯವರು, ಮನೆಯ ಮಾತು ತುಳು. ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ. ನಮ್ಮ ನಡುವೆ ಮಾತ್ರ ಬೆಂಗಳೂರಿನ ಕನ್ನಡವನ್ನು ಇಸ್ತ್ರಿ ಮಾಡಿದ ಹಾಗೆ ಜಾಗ್ರತೆಯಿಂದ ಆಡುತ್ತಿದ್ದರು. ಅವರು ಗುಂಪಿಗೆ ಸೇರಿದ ಕಾರಣವನ್ನು ನನಗೊಬ್ಬಳಿಗೇ ಹೇಳಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಓಟದಲ್ಲಿ ಮೊದಲಿಗರಾಗಿ ಮನೆಗೆ ಬಂದ ದಿನ, ದೊಡ್ಡವರು ಯಾರೋ “ಇನ್ನು ಓಡಬೇಡ, ಚೆಂದ ಕಾಣುವುದಿಲ್ಲ” ಎಂದರಂತೆ. ಅಂದು ನಿಂತ ಓಟ. ನಲವತ್ತು ವರ್ಷಗಳ ಮೇಲೆ, ನನ್ನ ಮಾತನ್ನು ನಂಬಿ, ಮತ್ತೆ ಶುರುಮಾಡಿದ್ದರು. ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿಟ್ಟುಕೊಂಡು ಎಂಆರ್‌ಟಿ ರೈಲಿನಲ್ಲಿ ಕಚೇರಿಗೆ ಹೋಗುವಾಗ ಓದುತ್ತಿದ್ದರಂತೆ.

ಮೂರನೆಯ ತಿಂಗಳಲ್ಲಿ ಅವರಿಗೆ ನೋವು ಶುರುವಾಯಿತು. ಓಟ ಮುಗಿಸಿ ಹಾಕರ್ ಸೆಂಟರ್‌ನ ತಿಂಡಿ ಅಂಗಡಿಯೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವರು ಕುರ್ಚಿಯಿಂದ ಬಗ್ಗಿ, ಬಲಗಾಲಿನ ಮೊಣಕಾಲಿನ ಕೆಳಗೆ, ಮುಂದಿನ ಎಲುಬನ್ನು ಒತ್ತಿಕೊಂಡರು.

“ಇಲ್ಲಿ ಯಾಕೋ ಜುಮ್ ಅಂತ ನೋಯ್ತಾ ಇದೆ. ಈ ಪ್ರಹಾರ ಸ್ವಲ್ಪ ಕಮ್ಮಿ ಮಾಡ್ಲಾ ಅಂತ.”

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿತು. ಕಾಫಿಯ ಲೋಟವನ್ನು ಕೆಳಗಿಟ್ಟು ಬೆನ್ನನ್ನು ನೆಟ್ಟಗೆ ಮಾಡಿದೆ. ಹೊಸ ಅಭ್ಯಾಸದಲ್ಲಿ ಆರಂಭದ ನೋವು ಸಹಜವೆಂದೆ. ಅವರ ಶೂ ಹಳೆಯದಾಗಿರಬಹುದೆಂದೆ. ನೀರು ಸಾಲದೆಂದೆ. ಉಳಿದ ಆರು ಜನರಿಗೆ ನೋವಿಲ್ಲದಿರುವಾಗ ದೋಷವು ನಿಯಮದಲ್ಲಿರಲು ಸಾಧ್ಯವಿಲ್ಲವೆಂದೆ.

“ಹೌದಾ? ಇರ್ಬಹುದು,” ಎಂದರು ಆಂಟಿ.

ಎಂಜಿನಿಯರ್ ಮೇಜನ್ನು ತಟ್ಟಿದರು. “ಆಂಟಿ, ಮೇಡಂ ಹತ್ರ ವಾದ ಮಾಡೋಕ್ಕಾಗುತ್ತಾ? ಅವರ ಎದುರು ಕಾಲು ನೋವೇ ಸೋತು ಹೋಗಿರುತ್ತೆ.”

ಹೀಗೆ ಆ ವಾದದಲ್ಲಿ ನಾನು ಗೆದ್ದೆ. ಆಂಟಿ ಇನ್ನೂ ಮೂರು ಶನಿವಾರ ಪ್ರಹಾರ ಮಾಡಿದರು.

ನಾಲ್ಕನೆಯ ಶನಿವಾರ ಅವರು ಬರಲಿಲ್ಲ. ಫೋನ್ ಮಾಡಿದಾಗ, ಸ್ಟೇಷನ್ನಿನ ಮೆಟ್ಟಿಲು ಇಳಿಯಲಾಗದೆ ನಿಂತುಬಿಟ್ಟಿದ್ದಾಗಿಯೂ, ಜುರಾಂಗ್ ಈಸ್ಟ್‌ನ ಮೂಳೆ ವೈದ್ಯರನ್ನು ಕಂಡದ್ದಾಗಿಯೂ ಹೇಳಿದರು. ಎಲುಬಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಇರಬಹುದೆಂದು ವೈದ್ಯರಿಗೆ ಅನುಮಾನ. ಸ್ಕ್ಯಾನ್ ಆಗಿದೆ, ಫಲಿತಾಂಶಕ್ಕೆ ಐದು ದಿನ.

“ಬಿರುಕು ಇದ್ರೆ ಏನಂತೆ?” ಎಂದು ಕೇಳಿದೆ.

“ತಿಂಗಳುಗಟ್ಟಲೆ ಕಾಲು ಊರೋ ಹಾಗಿಲ್ಲ ಅಂತೆ. ಆಮೇಲೆ ಈ ವಯಸ್ಸಲ್ಲಿ ಓಡೋದು ಬೇಕಾ, ಯೋಚನೆ ಮಾಡಿ ಅಂದ್ರು.” ಮತ್ತೆ ಸೇರಿಸಿದರು. “ಇನ್ನೊಂದ್ಸಲ ಅದೇ ಮಾತು ಕೇಳೋ ಹಾಗಾಯ್ತು ನೋಡಿ.”

ಫೋನ್ ಇಟ್ಟ ಮೇಲೂ ನನ್ನ ಮನಸ್ಸು ಸಮರ್ಥನೆಗಳನ್ನು ಹುಡುಕುತ್ತಿತ್ತು. ಸುಣ್ಣದಂಶದ ಕೊರತೆ ಇರಬಹುದು, ಕಾಂಕ್ರೀಟಿನ ನೆಲದ ದೋಷವಿರಬಹುದು.

ಮರುದಿನವಲ್ಲ, ಅದರ ಮಾರನೆಯ ದಿನ ಕಚೇರಿಯಲ್ಲಿ ಅನಿಲದ ಸಿಲಿಂಡರುಗಳ ಕೈಪಿಡಿಯನ್ನು ತಿದ್ದುತ್ತಿದ್ದೆ. ನಾನೇ ಹಿಂದೆ ಬರೆದ ವಾಕ್ಯವೊಂದು ಬಂತು: ಸಿಲಿಂಡರನ್ನು ಯಾವ ವಸ್ತುವಿನಿಂದಲೂ ‘ಸ್ಟ್ರೈಕ್’ ಮಾಡಬಾರದು. ಇದನ್ನು ಕನ್ನಡದಲ್ಲಿ ಹೇಗೆ ಹೇಳಬಹುದೆಂದು, ಅಭ್ಯಾಸಬಲದಿಂದ, ಮನಸ್ಸಿನಲ್ಲೇ ಹೇಳಿಕೊಂಡೆ. ಪ್ರಹಾರ ಮಾಡಬಾರದು. ಹೇಳಿಕೊಂಡವಳು ಅಲ್ಲೇ ನಿಂತೆ.

ಕಬ್ಬಿಣದ ಸಿಲಿಂಡರಿಗೆ ಮಾಡಬಾರದೆಂದು ಸಂಬಳ ತೆಗೆದುಕೊಂಡು ಬರೆದದ್ದನ್ನು, ಐವತ್ತೆರಡು ವರ್ಷದ ಹೆಂಗಸಿನ ಎಲುಬಿಗೆ ಮಾಡಬೇಕೆಂದು ಪ್ರೀತಿಯಿಂದ ಬರೆದುಕೊಟ್ಟಿದ್ದೆ. ನಾನು ಓದಿದ್ದ ಬರಹಗಳನ್ನು ಮತ್ತೆ ತೆರೆದೆ. ಪಾದ ಹಗುರವಾಗಿ ಇಳಿಯಬೇಕು, ದೇಹದ ಕೆಳಗೇ ಇಳಿಯಬೇಕು, ಸದ್ದು ಕಡಿಮೆಯಿರಬೇಕು ಎಂದು ಎಲ್ಲದರಲ್ಲಿಯೂ ಸ್ಪಷ್ಟವಾಗಿ ಇತ್ತು. ನಾನು ಓದಿಯೂ ಇದ್ದೆ. ಪದವನ್ನು ಕಟ್ಟುವ ಉತ್ಸಾಹದಲ್ಲಿ ವಾಕ್ಯವನ್ನು ಕೈಬಿಟ್ಟಿದ್ದೆ. ಅಂದು ಸಂಜೆ ಮನೆಗೆ ಬಂದು ಆ ಕೆಂಪು ಗೀಟನ್ನು ಎಳೆದೆ.

ಫಲಿತಾಂಶದ ದಿನ ರಜೆ ಹಾಕಿ ಆಂಟಿಯ ಜೊತೆ ಹೋದೆ. ಅವರ ಮನೆಯವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ನಮ್ಮ ಸಂಖ್ಯೆ ಬರಲು ಇನ್ನೂ ಆರು ಜನರಿದ್ದರು. ಹೇಳಬೇಕಾದದ್ದನ್ನು ಬರುವಾಗ ಬಸ್ಸಿನಲ್ಲಿಯೇ ಮೂರು ಭಾಗಗಳಾಗಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಒಂದೂ ನೆನಪಿಗೆ ಬರಲಿಲ್ಲ.

“ಆಂಟಿ, ಆರನೇ ನಿಯಮ ತಪ್ಪು. ಅದನ್ನ ನಾನು ತಪ್ಪಾಗಿ ಕನ್ನಡಕ್ಕೆ ತಂದೆ. ನೀವು ನೋವು ಅಂದಾಗ ಕೇಳಬೇಕಿತ್ತು. ಕೇಳಲಿಲ್ಲ.”

ಅವರು ಕೈಚೀಲವನ್ನು ಮಡಿಲಲ್ಲಿ ಸರಿಪಡಿಸಿಕೊಂಡರು. “ನಂಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ತಪ್ಪಿರ್ಬೇಕು ಅಂತ. ಮೊದಲನೇ ದಿನವೇ ಅನ್ನಿಸ್ತು. ನಮ್ಮ ಕಡೆ ಯಕ್ಷಗಾನದಲ್ಲಿ ರಾಕ್ಷಸ ವೇಷ ರಂಗಸ್ಥಳಕ್ಕೆ ಬರುವಾಗ ಹಾಗೆ ಹೆಜ್ಜೆ ಹಾಕೋದು. ಹತ್ತು ಕಿಲೋಮೀಟರ್ ಓಡೋಕೆ ಯಾರಾದ್ರೂ ಹಾಗೆ ಮಾಡ್ತಾರಾ ಅಂದ್ಕೊಂಡೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ನಲ್ಲ!” ಎಂದು ಅವರು ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಹೇಳಿದೆ, ನೀವು ನಾಲ್ಕು ಪಾಯಿಂಟ್ ಕೊಟ್ರಿ. ನನ್ನ ಹತ್ರ ಒಂದೇ ಇತ್ತು, ಕಾಲು ನೋವು.”

ಎದುರಿನವರ ಮಾತನ್ನು ಉತ್ತರವಿಲ್ಲದೆ ಬಿಟ್ಟದ್ದು ನನಗೆ ನೆನಪಿರುವಂತೆ ಅದೇ ಮೊದಲು. ಬೋರ್ಡಿನ ಮೇಲೆ ಸಂಖ್ಯೆಗಳು ಒಂದೊಂದಾಗಿ ಬದಲಾದವು. ಪ್ರತಿ ಸಲ ಗಂಟೆ ಬಾರಿಸಿದಾಗಲೂ ಆಂಟಿ ಬಲಗಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಳ್ಳುತ್ತಿದ್ದರು, ಯಾರೋ ಅದನ್ನು ಕಿತ್ತುಕೊಳ್ಳಲು ಬರುತ್ತಿರುವ ಹಾಗೆ.

ವೈದ್ಯರು ಪರದೆಯ ಮೇಲಿನ ಚಿತ್ರವನ್ನು ನೋಡುತ್ತಲೇ ಹೇಳಿದರು. ಬಿರುಕು ಇಲ್ಲ. ಎಲುಬಿನ ಮೇಲ್ಪದರದಲ್ಲಿ ಉರಿಯೂತವಾಗಿದೆ, ಇನ್ನು ಕೆಲವು ವಾರ ಹೀಗೆಯೇ ಓಡಿದ್ದರೆ ಬಿರುಕು ಬಿಡುತ್ತಿತ್ತು. ಮೂರು ವಾರ ವಿಶ್ರಾಂತಿ, ಫಿಸಿಯೊಥೆರಪಿ, ಆಮೇಲೆ ನಿಧಾನವಾಗಿ ಮತ್ತೆ ಓಡಬಹುದು.

“ಓಡಬಹುದಾ?” ಎಂದು ಆಂಟಿ ಕೇಳಿದರು. ವೈದ್ಯರು ಹೌದೆಂದರು. ಆಂಟಿ ಮತ್ತೊಮ್ಮೆ ಅದನ್ನೇ ಕೇಳಿದರು. ವೈದ್ಯರು ನಕ್ಕು, ಓಡುವ ರೀತಿಯನ್ನು ಮಾತ್ರ ಬದಲಿಸಬೇಕು ಎಂದರು.

ಪಡಸಾಲೆಗೆ ಬಂದ ಮೇಲೆ ನಾನು ಗೋಡೆಗೆ ಒರಗಿ ನಿಂತೆ. ಐದು ದಿನಗಳಿಂದ ಹೆಗಲುಗಳನ್ನು ಕಿವಿಯವರೆಗೆ ಎತ್ತಿ ಹಿಡಿದುಕೊಂಡೇ ಇದ್ದೆನೆಂದು ಅವು ಕೆಳಗಿಳಿದಾಗ ಗೊತ್ತಾಯಿತು. ಅಳು ಬಂತು. ಆಂಟಿ ಕೈಚೀಲದಿಂದ ಟಿಶ್ಯೂ ತೆಗೆಯಹೋಗಿ, ಅದರ ಜೊತೆ ನಾಲ್ಕಾಗಿ ಮಡಚಿದ ನನ್ನ ಹಾಳೆಯನ್ನೂ ಹೊರತೆಗೆದರು.

“ಕಣ್ಣೊರೆಸಿಕೊಳ್ಳೋಕೆ ಯಾವುದು ಬೇಕು?” ಎಂದರು.

ಮುಂದಿನ ವಾರ ಫಿಸಿಯೊಥೆರಪಿಯ ಕೋಣೆಯಲ್ಲಿಯೂ ನಾನಿದ್ದೆ. ಅಲ್ಲಿದ್ದ ಸ್ಥಳೀಯ ಯುವತಿ ಆಂಟಿಗೆ, ಓಡುವ ರೀತಿಯನ್ನು ನಿಂತಲ್ಲೇ ಎರಡು ಹೆಜ್ಜೆಯಲ್ಲಿ ತೋರಿಸಲು ಹೇಳಿದಳು. ಆಂಟಿ ತೋರಿಸಿದರು. ಮೇಜಿನ ಮೇಲಿನ ಪೆನ್ನು ಉರುಳಿತು.

“ವಾ, ಆಂಟಿ! ವೈ ಸೋ ಆಂಗ್ರಿ ವಿತ್ ದ ಫ್ಲೋರ್?”

ನೆಲದ ಮೇಲೆ ನಿಮಗೇಕೆ ಇಷ್ಟು ಸಿಟ್ಟು ಎಂದು ಅವಳ ಪ್ರಶ್ನೆ. ಯಾರು ಕಲಿಸಿದರೆಂದು ಕೇಳಿದಾಗ ಆಂಟಿ, ಎಲ್ಲೋ ಇಂಟರ್ನೆಟ್ಟಿನಲ್ಲಿ ನೋಡಿದೆ ಎಂದುಬಿಟ್ಟರು. ನಾನು ಕೈಯೆತ್ತಿದೆ, ತರಗತಿಯಲ್ಲಿ ಎತ್ತುವ ಹಾಗೆ. “ನಾನು ಕಲಿಸಿದ್ದು.” ಆ ಯುವತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೀವೂ ಬನ್ನಿ, ನೀವೂ ಓಡಿ ತೋರಿಸಿ ಎಂದಳು.

ನನ್ನ ಓಟವನ್ನು ಅವಳು ಫೋನಿನಲ್ಲಿ ಚಿತ್ರೀಕರಿಸಿ ನನಗೇ ತೋರಿಸಿದಳು. ಎದೆ ಮುಂದಕ್ಕೆ ಉಬ್ಬಿದೆ, ಹೆಗಲು ಬಿಗಿದಿದೆ, ಗಲ್ಲ ಮೇಲೆತ್ತಿದೆ, ಕಾಲು ಬಹುದೂರ ಚಾಚಿ ನೆಲಕ್ಕೆ ಅಪ್ಪಳಿಸುತ್ತಿದೆ. ಪಾರಿತೋಷಕಕ್ಕಾಗಿ ವೇದಿಕೆ ಹತ್ತುತ್ತಿರುವ ಹುಡುಗಿಯೊಬ್ಬಳು ಅಲ್ಲಿದ್ದಳು. ಇಪ್ಪತ್ತು ವರ್ಷಗಳಿಂದ ನಾನು ನೆಲದ ಜೊತೆಗೂ ಚರ್ಚಾಸ್ಪರ್ಧೆ ನಡೆಸುತ್ತಿದ್ದೆನೆಂದು ಕಾಣುತ್ತದೆ.

ಅವಳು ಹೇಳಿದ್ದು ಸರಳವಾಗಿತ್ತು. ಹೆಜ್ಜೆ ಗಿಡ್ಡವಾಗಲಿ, ಬೇಗ ಬೇಗ ಬರಲಿ, ಪಾದ ಸೊಂಟದ ಕೆಳಗೇ ಇಳಿಯಲಿ, ಕೈಗಳು ಸಡಿಲವಾಗಿರಲಿ, ನೆಲ ಮುಟ್ಟಿದ ಕೂಡಲೇ ಪಾದವನ್ನು ಎತ್ತಿಬಿಡಿ. ಆಂಟಿ ಅದನ್ನು ಕೇಳಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಮತ್ತೆ ಕಣ್ಣು ತೆರೆದು ಕನ್ನಡದಲ್ಲಿ ನನಗೆ ಹೇಳಿದರು.

“ಓ, ಬಿಸಿ ಹೊಯ್ಗೆ ಮಾರಾಯ್ರೇ!”

“ಬಿಸಿ ಹೊಗೆಯಾ?”

“ಹೊಗೆ ಅಲ್ಲ, ಹೊಯ್ಗೆ. ಮರಳು, ಮರಳು. ಎಷ್ಟು ವರ್ಷ ಆಯ್ತೋ ಈ ಶಬ್ದ ಹೇಳದೆ! ಮಧ್ಯಾಹ್ನ ಸಮುದ್ರಕ್ಕೆ ಹೋಗ್ಲಿಕ್ಕೆ ಕಡಲತಡಿಯ ಹೊಯ್ಗೆ ದಾಟಬೇಕಲ್ಲ, ಕಾದ ಕಾವಲಿ ಹಾಗೆ ಇರ್ತದೆ. ಚಪ್ಪಲಿ ಯಾರಿಗಿತ್ತು ಆಗ? ಕಾಲು ಇಟ್ಟ ಹಾಗೆ ಮಾಡೋದು, ಎತ್ತೋದು. ಇಟ್ಟ ಹಾಗೆ, ಎತ್ತೋದು. ಅಲ್ಲಿ ಯಾರಾದ್ರೂ ಪ್ರಹಾರ ಮಾಡ್ತಾರಾ? ಬೊಬ್ಬೆ ಬರ್ತದೆ!”

ಇಸ್ತ್ರಿ ಮಾಡಿದ ಕನ್ನಡ ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಆಂಟಿ ಎದ್ದು, ಆ ಕೋಣೆಯ ನುಣುಪು ನೆಲದ ಮೇಲೆ, ನೋಯದಷ್ಟು ಮೆಲ್ಲಗೆ, ಕಾದ ಮರಳನ್ನು ದಾಟಿದರು. ಪೆನ್ನು ಉರುಳಲಿಲ್ಲ. ಯುವತಿ ಚಪ್ಪಾಳೆ ತಟ್ಟಿ, ಅದೇ, ಅದೇ ಎಂದಳು. ಅವಳಿಗೆ ನಮ್ಮ ಮಾತು ಅರ್ಥವಾಗಿರಲಿಲ್ಲ, ಕಾಲು ಅರ್ಥವಾಗಿತ್ತು.

ಮೂರು ವಾರ ಆಂಟಿ ನೀರಿನಲ್ಲಿ ಈಜಿದರು, ನಡೆದರು. ಆ ಮೂರು ಶನಿವಾರ ನಾನು ಗುಂಪಿಗೆ ಹೊಸ ನಡೆಯನ್ನು ಕಲಿಸಿದೆ; ಕಲಿಸುವ ಮೊದಲು ಹಳೆಯದು ನನ್ನ ತಪ್ಪೆಂದು ಒಪ್ಪಿಕೊಂಡೆ. ಎಂಜಿನಿಯರ್ ಬಹಳ ಗಂಭೀರವಾಗಿ ಕೇಳಿದರು.

“ಅಲ್ಲ ಮೇಡಂ, ಇಂಗ್ಲಿಷ್ ಪದಕ್ಕೆ ಐದು ಬಸ್ಕಿ. ತಪ್ಪು ಕನ್ನಡ ಪದಕ್ಕೆ ಎಷ್ಟು?”

“ನೀವೇ ಹೇಳಿ.”

“ಎರಡು ತಿಂಗಳಿಂದ ನನ್ನ ಹಿಮ್ಮಡಿ ಕೂಡ ನೋಯ್ತಿತ್ತು. ನಾನೂ ಹೇಳಿರಲಿಲ್ಲ, ಆಂಟಿಗೆ ಆದ ಗತಿ ನೋಡಿದ್ನಲ್ಲ. ಇಪ್ಪತ್ತೈದು ಹೊಡೀರಿ, ಸಮಾಧಾನ ಆಗುತ್ತೆ.”

ಹೊಡೆದೆ. ಅವರು ಗಟ್ಟಿಯಾಗಿ ಎಣಿಸಿದರು, ಕನ್ನಡದಲ್ಲೇ.

ಹೊಸ ನಡೆ ಒಂದೇ ದಿನದಲ್ಲಿ ಬರಲಿಲ್ಲ. ಮೊದಮೊದಲು ಮೀನಖಂಡ ಬಿಗಿಯುತ್ತಿತ್ತು, ಗಮನ ತಪ್ಪಿದೊಡನೆ ಹಳೆಯ ಚಾಚುಗಾಲು ಮರಳುತ್ತಿತ್ತು. ಆದರೆ ಎರಡನೆಯ ಶನಿವಾರ ಉದ್ಯಾನದ ಏರಿನಲ್ಲಿ ನನಗೊಂದು ವಿಚಿತ್ರ ಅನುಭವವಾಯಿತು. ಪ್ರತಿ ಸಲ ಮುಕ್ಕಾಲು ದಾರಿಯಲ್ಲಿ ಉಸಿರು ಕಟ್ಟಿ ನಿಲ್ಲುತ್ತಿದ್ದವಳು, ಮೇಲೆ ತಲುಪಿದ ಮೇಲೂ ಮಾತನಾಡುತ್ತಲೇ ಇದ್ದೆ. ಕುತ್ತಿಗೆಯ ಹಿಂದಿನ ಹಳೆಯ ಸೆಳೆತ ಇರಲಿಲ್ಲ. ಓಟವು ಸುಖಕರವಾಗಿರಬಹುದೆಂದು ನಾನು ಶೀರ್ಷಿಕೆಯಲ್ಲಿ ಬರೆದಿದ್ದೆ. ಅದು ನಿಜವೆಂದು ನನಗೆ ತಿಳಿದದ್ದು ಅಂದು.

ಆಂಟಿ ಮರಳಿದ ಶನಿವಾರ ರಾತ್ರಿಯ ಮಳೆಗೆ ನೆಲ ಒದ್ದೆಯಾಗಿತ್ತು. ಫಿಸಿಯೊಥೆರಪಿಯ ಯುವತಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಬರೆದುಕೊಟ್ಟಿದ್ದಳು. ನಾನು ಕೈಗಡಿಯಾರ ಹಿಡಿದು ಕಂಬದ ಬಳಿ ನಿಂತೆ. ನಿಯಮವನ್ನು ನೆನಪಿಸಲು ಬಾಯಿ ತೆರೆದು, ಮುಚ್ಚಿಕೊಂಡೆ. ಆಂಟಿ ಒಮ್ಮೆ ಬಗ್ಗಿ ಎಲುಬನ್ನು ಮುಟ್ಟಿ ನೋಡಿಕೊಂಡು, ಹೊರಟರು.

ಆ ಒಂದು ನಿಮಿಷದಲ್ಲಿ ನಾನು ಅವರ ಮುಖವನ್ನಷ್ಟೇ ನೋಡುತ್ತಿದ್ದೆ. ನೋವಿನ ಸುಳಿವು ಎಲ್ಲಿ ಕಾಣಿಸುತ್ತದೋ ಎಂದು. ಅವರು ಕಂಬಗಳನ್ನು ದಾಟಿದರು, ಅಂಚೆಪೆಟ್ಟಿಗೆಗಳ ಸಾಲನ್ನು ದಾಟಿದರು, ಕಲ್ಲುಮೇಜಿನ ಬಳಿ ಹೋದರು. ಅಂಕಲ್ ಪತ್ರಿಕೆ ಓದುತ್ತಿದ್ದರು. ಅವರ ಕಾಫಿ ಮೇಜಿನ ಅಂಚಿನಲ್ಲಿತ್ತು. ಆಂಟಿ ಅವರ ಪಕ್ಕದಲ್ಲೇ, ಎರಡು ಅಡಿಯ ಅಂತರದಲ್ಲಿ ಹಾದುಹೋದರು. ಅಂಕಲ್ ಪುಟ ತಿರುಗಿಸಿದರು. ತಲೆ ಎತ್ತಲಿಲ್ಲ. ಲೋಟವನ್ನು ಹಿಡಿದುಕೊಳ್ಳಲಿಲ್ಲ.

“ನಿಮಿಷ ಆಯ್ತು!” ಎಂದು ನಾನು ಕೂಗಿದೆ.

ಆಂಟಿ ನಡಿಗೆಗೆ ಇಳಿದು ನನ್ನ ಕಡೆ ತಿರುಗಿದರು. ಮುಖವೆಲ್ಲ ಬೆವರು, ನಗು. ಬೆರಳಿನಿಂದ ಹಿಂದಿದ್ದ ಅಂಕಲ್‌ರನ್ನು ತೋರಿಸುತ್ತ, ದೂರು ಹೇಳುವ ದನಿಯಲ್ಲಿ ಅಲ್ಲಿಂದಲೇ ಕೂಗಿ ಹೇಳಿದರು.

“ನಾನು ಹೋದದ್ದು ಅವರಿಗೆ ಗೊತ್ತೇ ಆಗ್ಲಿಲ್ಲ, ಮಾರಾಯ್ರೇ!”